ಬೆಳ್ಳಗೆ ಮಾಡುವ ಕೈ, ಕರ್ರಗೆ ಮಾಡುವ ಕೈ

'ಫೋಟೋ ಸುಳ್ಳು ಹೇಳುವುದಿಲ್ಲ' ಎಂಬ ಮಾತು ನಮ್ಮಲ್ಲಿ ಗಾದೆಯಂತೆ ಓಡಾಡುತ್ತಿದೆ. ಈ ಗಾದೆಯನ್ನು ಹುಟ್ಟುಹಾಕಿದವರು ಫೋಟೋದಲ್ಲಿ ಯಾವಾಗಲೂ ಚೆನ್ನಾಗಿ ಕಂಡವರೇ ಇರಬೇಕು. ಕೇರಿಯ ಜನಕ್ಕೆ ಮಾತ್ರ ಫೋಟೋ ಎಷ್ಟು ಸುಳ್ಳು ಹೇಳುತ್ತದೆ ಅನ್ನುವುದು ಕ್ಯಾಮೆರಾ ಈ ನಾಡಿಗೆ ಬಂದ ಕಾಲದಿಂದಲೂ ಗೊತ್ತು.

ಇವತ್ತು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಯಾವ ಕಾಲೋನಿಗೆ ಹೋದರೂ ಹುಡುಗ ಹುಡುಗಿಯರ ಕೈಲಿ ಕ್ಯಾಮೆರಾ ಇರುವ ಫೋನಿದೆ. ಮಾರಿಹಬ್ಬ, ಮದುವೆ, ಏಪ್ರಿಲ್ 14ರ ಮೆರವಣಿಗೆ, ತಾಲ್ಲೂಕು ಆಫೀಸಿನ ಮುಂದಿನ ಧರಣಿ ಎಲ್ಲವನ್ನೂ ತೆಗೆಯುತ್ತಾರೆ. ತೆಗೆದ ಮೇಲೆ ತಿದ್ದುತ್ತಾರೆ. ಸ್ನ್ಯಾಪ್‌ಸೀಡ್, ಲೈಟ್‌ರೂಮ್ ಎಂಬ ಹೆಸರುಗಳು ಅವರ ಬಾಯಲ್ಲಿ ರಾಗಿ, ಅವರೆಯಷ್ಟೇ ಸಲೀಸು. "ಎಲ್ರೂ ಮಾಡೋ ಹಂಗೇ ಮಾಡುದ್ರೆ ಏನ್ ಬಂತಣ್ಣ, ನಂದೇ ಒಂದು ಸ್ಟೈಲ್ ಮಾಡ್ಕಬೇಕು" ಅನ್ನುತ್ತಾರೆ. ಇದನ್ನು ಹುಡುಗಾಟಿಕೆ ಎಂದು ತಳ್ಳಿಹಾಕುವ ಹಿರಿಯರು ನಮ್ಮ ನಡುವೆ ಇದ್ದಾರೆ. ನಾವು ತಳ್ಳಿಹಾಕುವುದಿಲ್ಲ. ಅಕ್ಷರ ಮೊದಲು ಕೈಗೆ ಬಂದಾಗ ನಮ್ಮ ಕವಿಗಳು ಕೇಳಿದ್ದೂ ಇದೇ ಪ್ರಶ್ನೆ: ನಮ್ಮ ಮಾತು ಯಾರ ಮಾತಿನಂತೆ ಇರಬೇಕು?

ಶೈಲಿ ಎಂಬುದು ಒಬ್ಬನ ಅಂತರಂಗದಿಂದ ಉಕ್ಕುವ ಸೊಬಗು ಎಂದು ನವ್ಯರು ಬಹಳ ಕಾಲ ಪಾಠ ಹೇಳಿದರು. ಬಂಡಾಯ ಅದಕ್ಕೆ ಎದುರು ಮಾತಾಡಿತು. ಯಾರ ಕಡೆ ನಿಂತಿದ್ದೀಯ, ಯಾರ ಕಣ್ಣಿಗಾಗಿ ಬರೆಯುತ್ತಿದ್ದೀಯ ಎಂಬುದು ಮೊದಲು ತೀರ್ಮಾನವಾಗದೆ ಶೈಲಿ ಹುಟ್ಟುವುದಿಲ್ಲ ಎಂದಿತು. ಫೋಟೋ ತಿದ್ದುವ ಕೆಲಸಕ್ಕೂ ಈ ಮಾತು ಸಲ್ಲುತ್ತದೆ ಎಂಬುದೇ ಈ ಲೇಖನದ ವಾದ.

1

ಕ್ಯಾಮೆರಾ ನಮ್ಮ ಜನರ ಬಳಿಗೆ ಮೊದಲು ಬಂದದ್ದು ಅಂದ ತೋರಿಸುವುದಕ್ಕಲ್ಲ, ಅಳೆಯುವುದಕ್ಕೆ. 1857ರ ದಂಗೆಯಿಂದ ಬೆಚ್ಚಿದ ಬ್ರಿಟಿಷರು ತಾವು ಆಳುವ ಜನ ಯಾರು ಎಂದು ಪಟ್ಟಿ ಮಾಡಲು ಹೊರಟರು. 1868ರಿಂದ 1875ರ ನಡುವೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು ಬಂದವು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ ತಂದ. ಈತ ಜನರ ತಲೆ, ಮೂಗುಗಳನ್ನು ಉಪಕರಣ ಹಿಡಿದು ಅಳೆದವನು. ನಮ್ಮ ಮೈಸೂರು ಸಂಸ್ಥಾನದ ಬಗ್ಗೆ ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ನಾಲ್ಕು ಸಂಪುಟಗಳು 1928ರಿಂದ 1935ರ ತನಕ ಅಚ್ಚಾದವು.

ಇಂಥ ಪುಸ್ತಕಗಳ ಬಹುಪಾಲು ಚಿತ್ರಗಳಲ್ಲಿ ಮುಖವಿದೆ, ಹೆಸರಿಲ್ಲ. ಹೆಸರಿರಬೇಕಾದ ಜಾಗದಲ್ಲಿ ಜಾತಿ ಇದೆ. ಒಬ್ಬಳು ತಾಯಿ, ಒಬ್ಬ ತಮಟೆಯವನು, ಒಬ್ಬ ಜೀತದಾಳು ಎಲ್ಲರೂ ಮಾದರಿಗಳಾಗಿ ನಿಂತಿದ್ದಾರೆ, ಅಂಗಡಿಯಲ್ಲಿ ಕಾಳಿನ ಮಾದರಿ ಇಟ್ಟ ಹಾಗೆ. ಚಿತ್ರದ ಒಂದು ಚುಕ್ಕೆಯನ್ನೂ ಮುಟ್ಟದೆ ಕೆಳಗಿನ ಒಂದು ಪದದಿಂದ ಮನುಷ್ಯನನ್ನು ಅಳಿಸಿಹಾಕಬಹುದು ಎಂಬುದನ್ನು ಇವು ತೋರಿಸಿವೆ. ಎಡಿಟಿಂಗ್ ಎಂದರೆ ಬರೀ ಬಣ್ಣ ಬೆಳಕಿನ ಆಟ ಎಂದುಕೊಂಡಿರುವ ಗೆಳೆಯರು ಇದನ್ನು ಮೊದಲು ತಿಳಿಯಬೇಕು. ಏನನ್ನು ಚೌಕಟ್ಟಿನಿಂದ ಹೊರಗೆ ಕತ್ತರಿಸುತ್ತೇವೆ, ಕೆಳಗೆ ಏನು ಬರೆಯುತ್ತೇವೆ ಎಂಬುದು ಮೊದಲ ಎಡಿಟಿಂಗು. ಜಿಲ್ಲೆಯ ಹೆಸರನ್ನು ಸರ್ಕಾರ 2025ರಲ್ಲಿ ರಾಮನಗರದಿಂದ ಬೆಂಗಳೂರು ದಕ್ಷಿಣ ಎಂದು ತಿದ್ದಿತು. ಹೆಸರಿನ ಬಲ ಆಳುವವರಿಗೆ ಗೊತ್ತಿದೆ. ನಮ್ಮ ಹುಡುಗರು ತೆಗೆಯುವ ಚಿತ್ರದ ಕೆಳಗೆ 'ಹಳ್ಳಿ ಅಜ್ಜಿ' ಎಂದು ಬರೆಯುವ ಬದಲು ಆ ಅಜ್ಜಿಯನ್ನು ಕೇಳಿ, ಆಕೆ ಒಪ್ಪಿದರೆ ಆಕೆಯ ಹೆಸರು ಬರೆಯಲಿ. ಶೈಲಿ ಅಲ್ಲಿಂದ ಶುರುವಾಗಲಿ.

2

ಅಳೆಯುವ ಕ್ಯಾಮೆರಾ ಆದಮೇಲೆ ಸ್ಟುಡಿಯೋದ ಕ್ಯಾಮೆರಾ ಬಂತು. ಕಾಸು ಕೊಟ್ಟವನಿಗೆ ಕುರ್ಚಿ ಕೊಟ್ಟಿತು. ಇದು ಸಣ್ಣ ಸಂಗತಿ ಅಲ್ಲ. ಊರಿನ ಜಗುಲಿ ಮೇಲೆ ಕೂರುವಂತಿಲ್ಲದವನು ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕಾಲುಮೇಲೆ ಕಾಲು ಹಾಕಿ ಕೂತ. ವಾಚು ಕಟ್ಟಿದ. ಹಿಂದೆ ಪರದೆಯ ಮೇಲೆ ಬರೆದ ಬಂಗಲೆ.

ಅಲ್ಲೊಂದು ಮಾತು ಹುಟ್ಟಿತು: "ಅಣ್ಣ, ಒಸಿ ಬೆಳ್ಳಗೆ ಮಾಡ್ಕೊಡಿ." ಸ್ಟುಡಿಯೋದವನು ಅದಕ್ಕೆ ಏನು ಮಾಡುತ್ತಿದ್ದ ಎಂಬುದನ್ನು ಫೋನಿನ ಕಾಲದ ವಿದ್ಯಾರ್ಥಿಗಳು ತಿಳಿದಿರಬೇಕು. ನೆಗೆಟಿವ್‌ನಲ್ಲಿ ಎಲ್ಲ ತಲೆಕೆಳಗು. ಕಪ್ಪು ಬೆಳ್ಳಗಿರುತ್ತದೆ, ಬಿಳುಪು ಕಪ್ಪಗಿರುತ್ತದೆ. ಕಪ್ಪು ಮುಖ ಬಿದ್ದ ನೆಗೆಟಿವ್ ತೆಳ್ಳಗಿರುತ್ತದೆ, ಬೆಳಕು ಧಾರಾಳವಾಗಿ ಹಾಯುತ್ತದೆ, ಕೆಳಗಿನ ಕಾಗದ ಕಪ್ಪಾಗುತ್ತದೆ. ಅದಕ್ಕೆ ರೀಟಚ್ ಮಾಡುವವನು ಚೂಪಾದ ಸೀಸದ ಕಡ್ಡಿಯಿಂದ ನೆಗೆಟಿವ್‌ನ ಮುಖದ ಮೇಲೆ ಸಣ್ಣಸಣ್ಣ ಗೀರು ಎಳೆಯುತ್ತಿದ್ದ, ಇಲ್ಲವೇ ತೆಳುವಾಗಿ ಕೆಂಪು ಬಣ್ಣ ಬಳಿಯುತ್ತಿದ್ದ. ಅಷ್ಟು ಬೆಳಕು ತಡೆದರೆ ಪ್ರಿಂಟಿನಲ್ಲಿ ಮುಖ ಬೆಳ್ಳಗೆ. ಅಂದರೆ ನೆಗೆಟಿವ್‌ನಲ್ಲಿ ಮಸಿ ಬಳಿದರೆ ಪ್ರಿಂಟಿನಲ್ಲಿ ಬಿಳುಪು ಸಿಗುತ್ತಿತ್ತು!

ಈ ಬೇಡಿಕೆಯನ್ನು ಕಂಡು ನಗುವವರು ನಗಲಿ, ನಾವು ನಗುವುದಿಲ್ಲ. ಹೆಣ್ಣು ನೋಡಲು ಬರುವವರಿಗೆ ಕಳಿಸುವ ಫೋಟೋ ಅದು. ಬಣ್ಣದ ಮೇಲೆ ವರದಕ್ಷಿಣೆಯ ಲೆಕ್ಕ ಹಾಕುವ ಸಮಾಜದಲ್ಲಿ ಒಬ್ಬ ತಂದೆ ಬೆಳಕನ್ನು ಬೇಡುವುದು ಮೂರ್ಖತನವಲ್ಲ, ಬಡವನ ಲೆಕ್ಕಾಚಾರ. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕರಿಯರ ಕೇರಿಯಲ್ಲಿ ಜೇಮ್ಸ್ ವ್ಯಾನ್ ಡರ್ ಝೀ (1886-1983) ಎಂಬ ಸ್ಟುಡಿಯೋ ಫೋಟೋಗ್ರಾಫರ್ ಇದ್ದ. ಆತ ನೆಗೆಟಿವ್ ಮೇಲೆ ಗೀರಿ ಕಪ್ಪು ಗಿರಾಕಿಗಳ ಸೊಟ್ಟ ಹಲ್ಲು ನೇರ ಮಾಡಿದ, ಮೈಮೇಲೆ ಇಲ್ಲದ ಒಡವೆ ಬರೆದ. ದಿನವಿಡೀ ಇನ್ನೊಬ್ಬರ ಮನೆ ಗುಡಿಸಿ ಬಂದವರು ಅವನ ಚಿತ್ರದಲ್ಲಿ ದೊರೆಗಳಂತೆ ನಿಂತರು. ಅದನ್ನು ಸುಳ್ಳು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಘನತೆಯನ್ನು ಕಸಿದುಕೊಂಡ ಲೋಕದಿಂದ ಘನತೆಯನ್ನು ವಾಪಸು ತೆಗೆದುಕೊಳ್ಳುವ ಬಗೆ ಅದು.

ಹಾಗಾದರೆ ತಕರಾರು ಎಲ್ಲಿ? ಒಡವೆ ಬರೆಯುವುದಕ್ಕೂ ಬಣ್ಣ ಬದಲಿಸುವುದಕ್ಕೂ ವ್ಯತ್ಯಾಸವಿದೆ. ಒಡವೆ ನಾಳೆ ದಕ್ಕಬಹುದು. ಚರ್ಮ ಬದಲಾಗುವುದಿಲ್ಲ. ಬೆಳ್ಳಗೆ ಮಾಡಿದ ಫೋಟೋ ಗೋಡೆಯ ಮೇಲೆ ಕೂತು, ಅದರ ಕೆಳಗೆ ಓಡಾಡುವ ಜೀವಂತ ಮುಖಕ್ಕೆ ದಿನಾ ಹೇಳುತ್ತದೆ: ನೀನು ಇರಬೇಕಾದದ್ದು ಹೀಗೆ, ಇರುವುದು ಹಾಗೆ. ಈ ಹೀನಾಯವನ್ನು ವ್ಯಾಪಾರ ಮಾಡಿಕೊಂಡವರಿದ್ದಾರೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ, ಲೋಕದ ತುಂಬ ಕರಿಯರ ಹೋರಾಟ ಎದ್ದ ಹೊತ್ತಿನಲ್ಲಿ, ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿತು. ಈಗ ಹಲವು ಫೋನುಗಳು ಕೇಳದೆಯೇ ಮುಖ ನುಣ್ಣಗೆ ಮಾಡಿ ಬಿಳುಪು ಬಳಿದು ಕೊಡುತ್ತವೆ. ಸ್ಟುಡಿಯೋದಲ್ಲಿ ಕನಿಷ್ಠ ಕೇಳಿದರೆ ಮಾತ್ರ ಬೆಳ್ಳಗೆ ಮಾಡುತ್ತಿದ್ದರು.

ಬಾಬಾಸಾಹೇಬರನ್ನೂ ಈ ಕೈ ಬಿಟ್ಟಿಲ್ಲ. ಜಯಂತಿಯ ಫ್ಲೆಕ್ಸುಗಳನ್ನು, ಕ್ಯಾಲೆಂಡರುಗಳನ್ನು ನೋಡಿ. ಎಷ್ಟೊಂದರಲ್ಲಿ ಅಂಬೇಡ್ಕರರ ಕೆನ್ನೆ ಗುಲಾಬಿ, ತುಟಿ ಕೆಂಪು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ಇಟ್ಟು ದೇವದೇವತೆಗಳನ್ನು ಮನೆಮನೆಗೆ ಹಂಚಿದ ಮೇಲೆ, ಪೂಜೆಗೆ ಯೋಗ್ಯವಾದ ಮುಖದ ಬಣ್ಣ ಯಾವುದು ಎಂಬುದು ಈ ದೇಶದಲ್ಲಿ ಅಚ್ಚಾಗಿಹೋಯಿತು. ನೀಲಿ ಕೋಟು ನಮ್ಮದು, ಅದನ್ನು ನಾವು ಬಿಡುವುದಿಲ್ಲ. ಆದರೆ ಆ ಕೋಟಿನ ಮೇಲಿನ ಮುಖಕ್ಕೆ ದೇವರ ಪಟದ ಗುಲಾಬಿ ಬಳಿದಾಗ, ಜಾತಿವಿನಾಶ ಬೇಕೆಂದ ಮನುಷ್ಯನನ್ನು ಮೇಲ್ಜಾತಿಯ ಮುಖವಾಗಿ ಸದ್ದಿಲ್ಲದೆ ಎಡಿಟ್ ಮಾಡಿದಂತಾಗುತ್ತದೆ.

3

"ಅಯ್ಯೋ ಅದೆಲ್ಲ ಜನದ ತಪ್ಪು, ಮೆಷಿನ್ನಿಗೇನು ಜಾತಿ" ಎನ್ನುವ ವಿದ್ಯಾವಂತರಿಗೆ ಒಂದೆರಡು ಉತ್ತರ ಕೊಡಬೇಕು.

ಬಣ್ಣದ ಫಿಲಂ ತೊಳೆಯುವ ಲ್ಯಾಬುಗಳಿಗೆ ಕೊಡಕ್ ಕಂಪನಿ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರ ಹೆಸರು 'ಶರ್ಲಿ ಕಾರ್ಡ್'. ಅದರಲ್ಲಿದ್ದವಳು ಬಿಳಿ ಹೆಂಗಸು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿಯಿದೆ ಎಂದು ಲೆಕ್ಕ. ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಟ್ಟಿಗೆ ಕೂತ ಶಾಲೆಯ ಗ್ರೂಪ್ ಫೋಟೋದಲ್ಲಿ ಕಪ್ಪು ಮಕ್ಕಳ ಮುಖ ಮಸಿಯಾಗಿ ಕಣ್ಣು ಹಲ್ಲು ಮಾತ್ರ ಉಳಿಯುತ್ತಿದ್ದವು. ತಾಯಂದಿರು ದೂರಿದರೂ ನಡೆಯಲಿಲ್ಲ. ಚಾಕೊಲೇಟು ಮಾರುವವರು, ಮರದ ಪೀಠೋಪಕರಣ ಮಾರುವವರು ತಮ್ಮ ಸರಕಿನ ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಎಂದು ದೂರಿದಾಗ ಕಂಪನಿ ಕಿವಿಗೊಟ್ಟಿತು. ಇದನ್ನು ಕೆನಡಾದ ಸಂಶೋಧಕಿ ಲೋರ್ನಾ ರಾತ್ ದಾಖಲಿಸಿದ್ದಾರೆ. ಮನುಷ್ಯರ ಕಂದಿಗಿಂತ ಮೇಜಿನ ಕಂದಿಗೆ ಬೆಲೆ! ಬಂಡವಾಳಶಾಹಿಯನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಇದಕ್ಕಿಂತ ಚಿಕ್ಕ ಪಾಠ ಬೇಕಿಲ್ಲ.

ದಕ್ಷಿಣ ಆಫ್ರಿಕದಲ್ಲಿ ಕರಿಯರು ಸದಾ ಜೇಬಲ್ಲಿಟ್ಟುಕೊಳ್ಳಬೇಕಿದ್ದ ಪಾಸ್‌ಬುಕ್ಕಿನ ಫೋಟೋಗಳಿಗೆ ಪೋಲರಾಯ್ಡ್ ಕಂಪನಿಯ ಸಾಮಗ್ರಿ ಬಳಕೆಯಾಗುತ್ತಿತ್ತು. 1970ರಲ್ಲಿ ಅದೇ ಕಂಪನಿಯ ಇಬ್ಬರು ಕರಿಯ ನೌಕರರು, ಕೆನ್ ವಿಲಿಯಮ್ಸ್ ಮತ್ತು ಕೆರೊಲಿನ್ ಹಂಟರ್, ಇದನ್ನು ಕಂಡು ಚಳವಳಿ ಹೂಡಿದರು. ಕೆಲಸ ಹೋಯಿತು, ಅವರು ಬಿಡಲಿಲ್ಲ. 1977ರಲ್ಲಿ ಕಂಪನಿ ಆ ದೇಶದಿಂದ ಕಾಲ್ತೆಗೆಯಿತು. ಕ್ಯಾಮೆರಾದ ರಾಜಕೀಯವನ್ನು ಕ್ಯಾಮೆರಾ ಕಾರ್ಖಾನೆಯ ಕೆಲಸಗಾರರೇ ಬಯಲಿಗೆಳೆದರು ಎಂಬುದನ್ನು ಮರೆಯಬಾರದು.

ಫಿಲಂ ಹೋಗಿ ಕಂಪ್ಯೂಟರ್ ಬಂದಮೇಲೂ ರೋಗ ಹೋಗಲಿಲ್ಲ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶಗಳನ್ನು 2018ರಲ್ಲಿ ಜಾಯ್ ಬುಲಾಮ್ವಿನಿ, ಟಿಮ್ನಿಟ್ ಗೆಬ್ರು ಪರೀಕ್ಷಿಸಿದರು. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ನೂರಕ್ಕೆ 0.8, ಕಪ್ಪು ಹೆಂಗಸರಲ್ಲಿ ನೂರಕ್ಕೆ 34.7ರ ತನಕ.

ನಮ್ಮ ಕೈಯ ಫೋನಿನ ವಿಷಯಕ್ಕೆ ಬರೋಣ. ಕ್ಯಾಮೆರಾದ ಬೆಳಕಿನ ಮಾಪಕ ತನ್ನ ಮುಂದಿರುವ ನೋಟವನ್ನೆಲ್ಲ ಸರಾಸರಿ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಸುಣ್ಣ ಬಳಿದ ಶಾಲೆಯ ಗೋಡೆಯ ಮುಂದೆ ಕಪ್ಪು ಹುಡುಗಿಯನ್ನು ನಿಲ್ಲಿಸಿ ತೆಗೆದರೆ ಅದು ಗೋಡೆಯ ಬಿಳುಪಿಗೆ ಹೆದರಿ ಬೆಳಕು ತಗ್ಗಿಸುತ್ತದೆ. ಗೋಡೆ ಉಳಿಯುತ್ತದೆ, ಹುಡುಗಿ ಮುಳುಗುತ್ತಾಳೆ. ತಪ್ಪು ಹುಡುಗಿಯ ಬಣ್ಣದ್ದಲ್ಲ. ತೆಗೆಯುವಾಗಲೇ ಅವಳ ಮುಖದ ಮೇಲೆ ಬೆರಳಿಟ್ಟು ಬೆಳಕು ಏರಿಸಬೇಕು. ಗೋಡೆ ಬೇಕಾದರೆ ಸುಟ್ಟು ಬೆಳ್ಳಗಾಗಲಿ.

ಅಮೆರಿಕದ ಆನ್ಸೆಲ್ ಆಡಮ್ಸ್, ಫ್ರೆಡ್ ಆರ್ಚರ್ 1940ರ ಹೊತ್ತಿಗೆ 'ಝೋನ್ ಸಿಸ್ಟಂ' ರೂಪಿಸಿದರು. ಕಪ್ಪಿನಿಂದ ಬಿಳುಪಿನ ತನಕ ಸೊನ್ನೆಯಿಂದ ಹತ್ತು ಮೆಟ್ಟಿಲು. ಬಿಳಿಯರ ಚರ್ಮ ಆರನೆಯ ಮೆಟ್ಟಿಲಲ್ಲಿರಲಿ, ಕಪ್ಪು ಚರ್ಮ ಅದಕ್ಕಿಂತ ಕೆಳಗೆ ಐದರಲ್ಲಿ, ನಾಲ್ಕರಲ್ಲಿ ಕೂರಲಿ ಎಂಬುದು ಲೆಕ್ಕ. ಇಲ್ಲಿ 'ಕೆಳಗೆ' ಎಂದರೆ ಅವಮಾನವಲ್ಲ. ಕಪ್ಪಿಗೂ ತನ್ನದೇ ಮೆಟ್ಟಿಲಿದೆ, ಅಲ್ಲೂ ಪೂರ್ತಿ ವಿವರ ಇರುತ್ತದೆ ಎಂಬುದು ಅದರ ಅರ್ಥ. ಇಂದಿನ ಫಿಲ್ಟರುಗಳ ಕೆಟ್ಟ ಚಾಳಿ ಎಂದರೆ ಎಲ್ಲರನ್ನೂ ಆರನೆಯ ಮೆಟ್ಟಿಲಿಗೆ ಎಳೆಯುವುದು.

4

ಬೆಳ್ಳಗೆ ಮಾಡುವ ಕೈಯನ್ನು ಗುರುತಿಸುವುದು ಸುಲಭ. ಕರ್ರಗೆ ಮಾಡುವ ಕೈ ಇನ್ನೂ ಅಪಾಯಕಾರಿ, ಯಾಕೆಂದರೆ ಅದು 'ಕಲೆ' ಎಂದು ಹೇಳಿಕೊಳ್ಳುತ್ತದೆ, ಒಮ್ಮೊಮ್ಮೆ 'ದಲಿತಪರ' ಎಂದೂ ಹೇಳಿಕೊಳ್ಳುತ್ತದೆ.

ಫೋಟೋ ಸ್ಪರ್ಧೆಗಳ ಬಹುಮಾನಿತ ಚಿತ್ರಗಳನ್ನು ನೋಡಿ. ಮುದುಕನ ಮುಖ, ನೂರು ಸುಕ್ಕು, ಬೀಡಿಯ ಹೊಗೆ, ಹಿಂದೆ ಕತ್ತಲೆ. ಸ್ನ್ಯಾಪ್‌ಸೀಡ್‌ನ 'ಸ್ಟ್ರಕ್ಚರ್', ಲೈಟ್‌ರೂಮ್‌ನ 'ಕ್ಲಾರಿಟಿ' ಇರುವುದು ಅಂಚುಗಳನ್ನು ಎದ್ದು ಕಾಣಿಸಲು. ಅದನ್ನು ಕೊನೆಯ ತನಕ ಎಳೆದರೆ ಚರ್ಮ ಒಣಗಿದ ಕೆರೆಯಂಗಳವಾಗುತ್ತದೆ. ಸಾಹುಕಾರನ ಮುಖಕ್ಕೆ ಯಾರೂ ಹೀಗೆ ಎಳೆಯುವುದಿಲ್ಲ. ಅವನ ಸುಕ್ಕು ಅಳಿಸುತ್ತಾರೆ, ಕೂಲಿಯವನ ಸುಕ್ಕು ಕೆತ್ತುತ್ತಾರೆ. ಒಂದೇ ಸಾಧನ, ಎರಡು ನ್ಯಾಯ. ಬಡತನವನ್ನು ನೋಡಿ ಮರುಗುವ ಕಣ್ಣಿಗೆ ಬಡತನ ಸಾಲುವುದಿಲ್ಲ, ಅದನ್ನು ಇನ್ನಷ್ಟು ಗೀರಿ ಕೊಡಬೇಕು. ಸಿನಿಮಾದಲ್ಲಿ ಬಿಳಿ ನಟನಿಗೆ ಮಸಿ ಬಳಿದು ಬಡವ ಮಾಡುವುದೂ ಇದೇ ವಿದ್ಯೆ.

ಲೋಕಪ್ರಸಿದ್ಧ ಸ್ಟೀವ್ ಮೆಕ್‌ಕರಿ ಭಾರತವನ್ನು ಕೇಸರಿ ಕೆಂಪು ಬಣ್ಣಗಳ ಹಬ್ಬವಾಗಿ ದಶಕಗಳ ಕಾಲ ತೋರಿಸಿದ. 2016ರಲ್ಲಿ ಇಟಲಿಯ ಪ್ರದರ್ಶನವೊಂದರಲ್ಲಿ ಅವನ ಕ್ಯೂಬಾದ ಚಿತ್ರದಲ್ಲಿ ತಿದ್ದುಪಡಿ ಎಡವಟ್ಟಾಗಿರುವುದು ಬಯಲಾಯಿತು. ಹುಡುಕಿದಾಗ ಬೇರೆ ಚಿತ್ರಗಳಲ್ಲೂ ಮನುಷ್ಯರನ್ನೇ ಅಳಿಸಿದ್ದು ಕಂಡಿತು. ತಾನು ಸುದ್ದಿ ಫೋಟೋಗ್ರಾಫರ್ ಅಲ್ಲ, ಚಿತ್ರದಲ್ಲಿ ಕಥೆ ಹೇಳುವವನು ಎಂಬುದು ಅವನ ಸಮಜಾಯಿಷಿ. ಕಥೆಗೆ ಅಡ್ಡ ಬಂದವರನ್ನು ಅಳಿಸುವುದು ನಮಗೆ ಹೊಸದೇನೂ ಅಲ್ಲ. ಇದೇ ಸೀಮೆಯ ರಾಮದೇವರ ಬೆಟ್ಟದ ಬಂಡೆಗಳು 1975ರ 'ಶೋಲೆ'ಯಲ್ಲಿ ಎಲ್ಲೂ ಇಲ್ಲದ ರಾಮಗಢವಾದವು. ಬಂಡೆ ಬೇಕು, ಬಂಡೆಯ ಕೆಳಗೆ ಬದುಕುವವರ ಹೆಸರು ಬೇಡ.

ಇದಕ್ಕೆ ಎದುರಾಗಿ ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರನ್ನು ನೆನೆಯಬಹುದು. ಇದ್ದ ಬೆಳಕಲ್ಲಿ, ಕಪ್ಪು ಬಿಳುಪಿನಲ್ಲಿ, ಸಾಮಾನ್ಯರನ್ನು ಅವರ ಕೆಲಸ, ನಗು, ಆಟದ ನಡುವೆ ತೆಗೆದವರು. ಅವರು ಕೇರಿಯವರಲ್ಲ, ಅವರ ಕಣ್ಣು ನಮ್ಮ ಕಣ್ಣಲ್ಲ. ಆದರೆ ಸುಕ್ಕನ್ನು ಮಾರಾಟಕ್ಕಿಡದ ಮರ್ಯಾದೆ ಆ ಚಿತ್ರಗಳಲ್ಲಿದೆ. ಅಷ್ಟನ್ನು ಒಪ್ಪಿಕೊಳ್ಳುವುದರಲ್ಲಿ ನಮಗೆ ಸಂಕೋಚವಿಲ್ಲ.

5

ಬೆಳ್ಳಗೂ ಬೇಡ, ಕರ್ರಗೂ ಬೇಡ ಎಂದಮೇಲೆ ನಮ್ಮ ಕೈ ಏನು ಮಾಡಬೇಕು?

ಹಾರ್ಲೆಮ್ಮಿನ ಇನ್ನೊಬ್ಬ, ರಾಯ್ ಡಿಕರಾವಾ (1919-2009), ದಾರಿ ತೋರಿಸುತ್ತಾನೆ. ಆತ ತನ್ನ ಪ್ರಿಂಟುಗಳನ್ನು ಬೇಕೆಂದೇ ಕಪ್ಪಗೆ ಇಟ್ಟ. ಆದರೆ ಆ ಕಪ್ಪಿನೊಳಗೆ ಹತ್ತಾರು ಬಗೆ ಕಪ್ಪುಗಳಿದ್ದವು. ಕೆನ್ನೆಯ ಕಪ್ಪು ಬೇರೆ, ಕೋಟಿನ ಕಪ್ಪು ಬೇರೆ, ಓಣಿಯ ಕತ್ತಲೆಯೇ ಬೇರೆ. 1955ರಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಜೊತೆ ಸೇರಿ ತಂದ ಪುಸ್ತಕದಲ್ಲಿ ಕರಿಯರ ಮನೆಯೊಳಗಿನ ಪ್ರೀತಿ, ದಣಿವು, ಹಾಡು ಇವೆ. ಸುಕ್ಕಿನ ಪ್ರದರ್ಶನ ಇಲ್ಲ. ಮುಂಬಯಿಯ ಪೌರಕಾರ್ಮಿಕರನ್ನು ಕಪ್ಪು ಬಿಳುಪಿನಲ್ಲಿ ತೆಗೆದ ಸುಧಾರಕ್ ಓಲ್ವೆ ನಮ್ಮ ಕಾಲದವರು. ಮೀನು ಮಾರಿದ ತಾಯಿಯ ಮಗ, ತಮಿಳುನಾಡಿನ ಎಂ. ಪಳನಿಕುಮಾರ್, ಮಲದ ಗುಂಡಿಯಲ್ಲಿ ಸತ್ತವರ ಮನೆಗಳಿಗೆ ಹೋಗಿ ಉಳಿದವರ ಮುಖ ತೆಗೆದವರು. ಇವರ ಶೈಲಿಗಳು ಒಂದೇ ಥರ ಇಲ್ಲ. ಇರಬೇಕಾಗಿಯೂ ಇಲ್ಲ.

ಸಾಹಿತ್ಯದಿಂದಲೂ ಒಂದು ಮಾತು. ಕವಿ ಸಿದ್ಧಲಿಂಗಯ್ಯ ಹುಟ್ಟಿದ ಮಂಚನಬೆಲೆ ಇದೇ ಮಾಗಡಿ ತಾಲ್ಲೂಕಿನದು. 1975ರ 'ಹೊಲೆಮಾದಿಗರ ಹಾಡು' ಸಿಟ್ಟಿನ ಪುಸ್ತಕ. ಅದೇ ಕವಿ ಆಮೇಲೆ 'ಊರುಕೇರಿ'ಯಲ್ಲಿ ಹಸಿವು ಅವಮಾನಗಳನ್ನು ನಗುತ್ತಾ ಹೇಳಿದರು. ನೋವನ್ನು ಬೆಳ್ಳಗೆ ಮಾಡಲಿಲ್ಲ, ಗೀರಿ ಕರ್ರಗೂ ಮಾಡಲಿಲ್ಲ. ನಮ್ಮ ಹುಡುಗರ ಚಿತ್ರಗಳಿಗೂ ಈ ಎರಡೂ ಬೇಕು: ಧರಣಿಯ ಚಿತ್ರಕ್ಕೆ ಒಂದು ಸ್ವರ, ಅವರೆಕಾಯಿ ಬಿಡಿಸುತ್ತಾ ಹರಟುವ ಹೆಂಗಸರ ಚಿತ್ರಕ್ಕೆ ಇನ್ನೊಂದು. 'ನನ್ನ ಸ್ಟೈಲ್' ಎಂದು ಎಲ್ಲಕ್ಕೂ ಒಂದೇ ಪ್ರೀಸೆಟ್ ಹಾಕುವವನು ಜನರ ಮುಖಕ್ಕಿಂತ ತನ್ನ ಸಹಿಯನ್ನು ದೊಡ್ಡದು ಮಾಡುತ್ತಿದ್ದಾನೆ.

ಕೆಲಸಕ್ಕೆ ಬರುವ ಕೆಲವು ಮಾತು. ಬ್ಯೂಟಿ ಮೋಡ್ ಮೊದಲು ಆರಿಸಿ. ಬಣ್ಣ ತಿದ್ದುವಾಗ ಚರ್ಮದಿಂದ ಶುರುಮಾಡಿ, ಆಕಾಶದಿಂದಲ್ಲ. ಲೈಟ್‌ರೂಮ್‌ನಲ್ಲಿ ನಮ್ಮ ಚರ್ಮದ ಬಣ್ಣ ಹೆಚ್ಚಾಗಿ ಕಿತ್ತಳೆಯ ಖಾನೆಯಲ್ಲಿ ಕೂತಿರುತ್ತದೆ. ಮಾರಾಟದ ಪ್ರೀಸೆಟ್ಟುಗಳು ಕಿತ್ತಳೆಯ ಬೆಳಕು ಏರಿಸಿ ಮುಖ ಬೆಳಗುತ್ತವೆ. ಆದರೆ ಮಾಗಡಿಯ ಕೆಮ್ಮಣ್ಣು, ಕಣದಲ್ಲಿ ತೂರಿದ ರಾಗಿ ಎಲ್ಲ ಆಸುಪಾಸು ಅದೇ ಬಣ್ಣದವು. ಮುಖ ಬೆಳ್ಳಗಾದ ಗಳಿಗೆಗೆ ಮಣ್ಣೂ ಬಿಳಿಚಿಕೊಳ್ಳುತ್ತದೆ. ಇದನ್ನು ನೀವೇ ಮಾಡಿ ನೋಡಿ. ನಮ್ಮ ಚರ್ಮಕ್ಕೆ ಮಾಡುವ ಮೋಸ ನಮ್ಮ ನೆಲಕ್ಕೂ ತಗಲುತ್ತದೆ ಎಂಬುದು ಕವಿತೆಯ ಮಾತಲ್ಲ, ಕಣ್ಣಾರೆ ಕಾಣುವ ಸಂಗತಿ. ಒಂದೇ ಹತ್ತು ಚಿತ್ರಗಳನ್ನು ತಿಂಗಳು ಬಿಟ್ಟು ಮತ್ತೆ ತಿದ್ದಿ, ಹಳೆಯದರ ಪಕ್ಕ ಇಟ್ಟು ನೋಡಿ. ಎರಡು ಸಲವೂ ಕೈ ಮಾಡಿದ ತೀರ್ಮಾನ ಯಾವುದೋ ಅದು ನಿಮ್ಮ ಶೈಲಿ. ಉಳಿದದ್ದು ಆ ತಿಂಗಳ ಫ್ಯಾಷನ್. ಕೊನೆಗೆ ಚಿತ್ರದಲ್ಲಿರುವವರಿಗೆ ತೋರಿಸಿ. "ಇದು ನಾನೇ ಕಣೋ" ಎಂದು ಅವ್ವ ಹೇಳಿದರೆ ಕೆಲಸ ಮುಗಿಯಿತು. "ಇದ್ಯಾರ್ಲಾ?" ಎಂದರೆ ಮತ್ತೆ ಕೂತುಕೊಳ್ಳಿ.

ಒಂದು ಕಡೆ ಮಾತ್ರ ಯಾವ ಶೈಲಿಯೂ ಕೂಡದು. ದೌರ್ಜನ್ಯ ನಡೆದ ಜಾಗದ ಚಿತ್ರ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು. ಬಾಯಿ ಮುಚ್ಚಿಸುವುದು ಈ ದೇಶದಲ್ಲಿ ಎಷ್ಟು ಸುಲಭ ಎಂಬುದಕ್ಕೆ ಆ ಮೊಕದ್ದಮೆ ಸಾಕು. ಈಗ ಫೋನಿನ ಚಿತ್ರವೂ ಸಾಕ್ಷ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು. ಆದ್ದರಿಂದ ಮೂಲ ಫೈಲನ್ನು ಮುಟ್ಟದೆ ಇಡಿ, ತೆಗೆದ ಫೋನನ್ನು ಉಳಿಸಿ, ವಾಟ್ಸಾಪಿನಲ್ಲಿ ಕುಗ್ಗಿದ ನಕಲನ್ನು ನಂಬಬೇಡಿ. ರಕ್ತವನ್ನು ಇನ್ನಷ್ಟು ಕೆಂಪು ಮಾಡಿದ ಒಂದು ಚಿತ್ರ ಎದುರು ಪಕ್ಷದ ವಕೀಲನ ಕೈಗೆ ಸಿಕ್ಕರೆ, ಮುಟ್ಟದ ಒಂಬತ್ತು ಚಿತ್ರಗಳನ್ನೂ ಅವನು ಸುಳ್ಳು ಮಾಡುತ್ತಾನೆ.

ನಮ್ಮ ಅಜ್ಜ ಅಜ್ಜಿಯರ ಫೋಟೋ ಹಲವರ ಮನೆಯಲ್ಲಿ ಒಂದೂ ಇಲ್ಲ. ಇದ್ದರೆ ಯಾವುದೋ ಸಂಪುಟದಲ್ಲಿ ಹೆಸರಿಲ್ಲದೆ ನಿಂತಿದ್ದಾರೆ. ನಮ್ಮ ಮೊಮ್ಮಕ್ಕಳಿಗೆ ಸಿಗುವ ಫೋಟೋಗಳನ್ನು ಇವತ್ತು ತಿಪ್ಪಸಂದ್ರದ ಹುಡುಗಿಯೊಬ್ಬಳು ತನ್ನ ಹೆಬ್ಬೆರಳಿನಿಂದ ತಿದ್ದುತ್ತಿದ್ದಾಳೆ. ಶಾಲೆಯ ಮೇಷ್ಟ್ರುಗಳೇ, ಅವಳ ಕೈಯಿಂದ ಫೋನು ಕಿತ್ತುಕೊಳ್ಳುವ ಮೊದಲು ಅವಳು ಏನನ್ನು, ಯಾರಿಗಾಗಿ ತಿದ್ದುತ್ತಿದ್ದಾಳೆ ಎಂದು ಪಕ್ಕದಲ್ಲಿ ಕೂತು ಕೇಳಿ.